ಮೂರನೆಯ ದಿನದ ರಕ್ತ

ಈ ಜೂನ್ ಮೊದಲ ವಾರದಿಂದ ನಾನು ನಮ್ಮ ಬಿಲ್ಡಿಂಗಿನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೇನೆ. ಮನೆ ನಾಲ್ಕನೇ ಮಹಡಿಯಲ್ಲಿದೆ, ಮಂಡಿನೋವು ಬೇರೆ. ಇದು ತೂಕ ಇಳಿಸುವ ಹೊಸ ಹುಚ್ಚು ಎಂದು ನನ್ನ ಗಂಡ ಪ್ರಸಾದ್ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ನಿಜ ಏನೆಂದರೆ, ಬೆಳಿಗ್ಗೆ ಹತ್ತರ ಸುಮಾರಿಗೆ ಲಿಫ್ಟಿನೊಳಗೆ ಒಂದು ವಾಸನೆ ನಿಂತಿರುತ್ತದೆ. ಕೊಬ್ಬರಿ ಎಣ್ಣೆಗೆ ಓಮ, ಬೆಳ್ಳುಳ್ಳಿ ಹಾಕಿ ಕಾಯಿಸಿದ ವಾಸನೆ. ಏಳನೇ ಮಹಡಿಯಲ್ಲಿ ಮಗು ಹುಟ್ಟಿದೆ, ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ಒಬ್ಬಳು ಬಾಯಿ, ಅಂದರೆ ಕೆಲಸದ ಹೆಂಗಸು, ಬರುತ್ತಾಳೆ ಎಂದು ವಾಚ್‌ಮನ್ ಹೇಳಿದ. ಯಾವ ಬಾಯಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೆಸರು ಹೇಳಿಬಿಟ್ಟಾನು ಎಂದು ಹೆದರಿದೆ.

ಭಾಂಡುಪಿನ ಈ ಬಿಲ್ಡಿಂಗಿಗೆ ನಾವು ಬಂದು ಹತ್ತು ವರ್ಷವಾಯಿತು. ಬಂದ ಎರಡನೇ ವರ್ಷ ನನ್ನ ಮಗಳು ಸಿರಿ ಹುಟ್ಟಿದಳು. ಆ ವರ್ಷದ ಮಳೆಗಾಲದ ಮಾತು ಬಂದರೆ ನಾನು ಇವತ್ತಿಗೂ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಮಳೆಯ ತಪ್ಪು ಅದರಲ್ಲಿ ಹೆಚ್ಚೇನಿಲ್ಲ.

ನಾನು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿದವಳು. ನಾಲ್ಕನೇ ರ‍್ಯಾಂಕ್. ಮೊದಲ ಮೂವರ ರ‍್ಯಾಂಕ್ ಅವರಿಗೇ ಮರೆತಿದ್ದೀತು, ನನ್ನ ನಾಲ್ಕನ್ನು ಮಾತ್ರ ನಮ್ಮಮ್ಮ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದಿದ್ದಾರೆ. ಮುಲುಂಡಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ಆ ವರ್ಷ ಹೆರಿಗೆ ರಜೆಯಲ್ಲಿದ್ದೆ. ಬಾಣಂತನ ಮುಗಿಸಿ ಮೈಸೂರಿಗೆ ಹೊರಟ ಅಮ್ಮ, ಮಗುವಿಗೆ ನೀರೆರೆಯುವವರು ಯಾರು ಎಂದು ಗೊಣಗುತ್ತಿದ್ದಾಗ ಕೆಳಗಿನ ಕಿರಾಣಿ ಅಂಗಡಿಯವನು ನೀಲವ್ವನನ್ನು ಕಳಿಸಿದ.

ಸಿಂದಗಿ ಕಡೆಯವಳು. ಮುಂಬಯಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಹಿಂದಿನ ಗುಡ್ಡದ ಮೇಲಿನ ಚಾಳಿನಲ್ಲಿ ಮನೆ. ಗಂಡ ಮಲ್ಲಪ್ಪ ದಿನಾ ಬೆಳಿಗ್ಗೆ ಕೂಲಿಯವರು ಸೇರುವ ನಾಕಾದಲ್ಲಿ ನಿಂತು, ಕರೆದವರ ಜೊತೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಮಕ್ಕಳಿರಲಿಲ್ಲ. ‘ಮಂದಿ ಕೂಸು ಎಷ್ಟ್ ಎರದೀನಿ ಅಂದ್ರ, ನಂದೊಂದು ಇರ್ಬೇಕಿತ್ತು ಅನ್ನೂದ ಮರ್ತೈತ್ರಿ’ ಎಂದು ಮೊದಲ ದಿನವೇ ಹೇಳಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಅವಳನ್ನು ನೀನು ಎಂದೆ, ಅವಳು ನನ್ನನ್ನು ಅಕ್ಕಾರ ಎಂದಳು. ಓದಿದವಳು, ಓದದವಳು, ಅಷ್ಟರಲ್ಲೇ ವಯಸ್ಸಿನ ಲೆಕ್ಕ ತಿರುವುಮುರುವಾಗಿತ್ತು. ನಮ್ಮಿಬ್ಬರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಬಚ್ಚಲಲ್ಲಿ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಹಚ್ಚುವಾಗ ಮಗುವಿನ ಕಡೆ ನೋಡುತ್ತಲೇ ಇರಲಿಲ್ಲ. ಕಿಟಕಿಯಾಚೆ ಪಕ್ಕದ ಬಿಲ್ಡಿಂಗಿನ ಪಾರಿವಾಳಗಳನ್ನು ನೋಡುತ್ತಿದ್ದಳು. ನನಗೆ ದಿಗಿಲು. ‘ನೀಲವ್ವ, ಸ್ವಲ್ಪ ಇಲ್ಲಿ ನೋಡಿ ಹಚ್ಚಬಾರದಾ?’ ಎಂದೆ ಒಂದು ದಿನ.

‘ಕೈ ನೋಡಾಕತ್ತಾವಲ್ರಿ’ ಎಂದಳು.

ಹದಿನೈದು ದಿನ ಕಳೆದಿರಬಹುದು. ಒಂದು ಬೆಳಿಗ್ಗೆ ಅವಳ ಕೈ ನಿಂತಿತು. ಕಣ್ಣು ಪಾರಿವಾಳದ ಮೇಲೇ ಇತ್ತು. ‘ಅಕ್ಕಾರ, ಕೂಸಿನ ಎಡತೊಡಿ ಪೂರಾ ತೆರಿಯವಲ್ದು. ಬಲದ್ದು ಸಳ್ಳನ ಬೀಳ್ತೈತಿ, ಇದು ತಡೀತೈತಿ.’

‘ಹೋದ ವಾರ ತಾನೇ ಇಂಜೆಕ್ಷನ್‌ಗೆ ಹೋದಾಗ ಡಾಕ್ಟ್ರು ನೋಡಿದಾರೆ. ಎಲ್ಲ ಸರಿಯಿದೆ ಅಂತ ಬರೆದುಕೊಟ್ಟಿದಾರೆ.’

‘ಅವರು ಎಷ್ಟೊತ್ತು ಹಿಡಿದಿದ್ರು?’

‘ಎರಡು ನಿಮಿಷ ಇರಬೇಕು.’

‘ನಾ ಹದಿನೈದು ದಿನ ಆತು ಹಿಡ್ಯಾಕತ್ತು’ ಎಂದಳು. ಜಂಬವಿರಲಿಲ್ಲ, ದಿನ ಎಣಿಸಿ ಹೇಳಿದಳು ಅಷ್ಟೆ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ದಿನ ಅದೇ ಮಾತು ಹೇಳಿದಳು. ನಾಲ್ಕನೇ ದಿನ ನೀರೇ ಎರೆಯಲಿಲ್ಲ. ಎಣ್ಣೆ ಹಚ್ಚಿದ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, ‘ನೀವ ಹಿಡಿದು ನೋಡ್ರಿ, ಆಮ್ಯಾಲ ಎರೀತೀನಿ’ ಎಂದು ಎದುರಿಗೆ ಕೂತಳು. ಹಿಡಿದು ನೋಡಿದೆ. ನನಗೆ ಎರಡೂ ಕಾಲು ಒಂದೇ ಥರ ಇದ್ದವು. ಆದರೂ ಅವಳ ಬಾಯಿ ಮುಚ್ಚಿಸಲಿಕ್ಕಾದರೂ ಆಗಲಿ ಎಂದು ಮೂಳೆ ಡಾಕ್ಟರ ಹತ್ತಿರ ಹೋದೆ.

ಸ್ಕ್ಯಾನ್ ಮಾಡಿದರು. ಎಡಗಡೆ ಸೊಂಟದ ಕೀಲು ತನ್ನ ಗುಣಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಈಗಲೇ ಬೆಲ್ಟ್ ಹಾಕಿದರೆ ಎರಡು ತಿಂಗಳಲ್ಲಿ ಸರಿಹೋಗುತ್ತದೆ, ತಡವಾಗಿದ್ದರೆ ಆಪರೇಷನ್ ಆಗುತ್ತಿತ್ತು ಎಂದರು. ‘ಸಾಮಾನ್ಯವಾಗಿ ಮಗು ನಡೆಯಲು ಶುರುಮಾಡಿ ಕುಂಟಿದ ಮೇಲೆ ಕರಕೊಂಡು ಬರುತ್ತಾರೆ. ಇಷ್ಟು ಬೇಗ ಯಾರು ಕಂಡುಹಿಡಿದದ್ದು?’ ಎಂದು ಕೇಳಿದರು.

‘ನಾನೇ’ ಎಂದೆ.

ಸುಳ್ಳು ಹೇಳಬೇಕೆಂದು ಹೋದವಳಲ್ಲ. ಎಣ್ಣೆ ಹಚ್ಚುವ ಬಾಯಿ ಹೇಳಿದಳು ಎಂದರೆ ಅವರ ಮುಂದೆ ನಾನು ಎಂಥವಳಾಗಿ ಕಾಣುತ್ತೇನೋ ಎಂದು ನಾಲಿಗೆ ತಾನೇ ನಿರ್ಧರಿಸಿಬಿಟ್ಟಿತು. ಅವರು ಮೆಚ್ಚುಗೆಯಿಂದ ತಲೆಯಾಡಿಸಿ, ಸ್ನಾನ ಮಾಡಿಸುವಾಗ ತಾಯಿಯೇ ಗಮನಿಸಿದ್ದು ಎಂದು ಫೈಲಿನಲ್ಲಿ ಬರೆದರು. ಆ ಫೈಲು ಈಗಲೂ ನಮ್ಮ ಕಪಾಟಿನಲ್ಲಿದೆ.

ಬೆಲ್ಟ್ ಎಂದರೆ ಬಟ್ಟೆಯ ಪಟ್ಟಿಗಳು. ಮಗುವಿನ ಎರಡೂ ಕಾಲನ್ನು ಮಡಚಿ ಅಗಲಿಸಿ ಹಿಡಿದಿರುತ್ತಿತ್ತು. ಹಗಲೂ ರಾತ್ರಿ ಬಿಚ್ಚುವ ಹಾಗಿಲ್ಲ, ನೀರೆರೆಯುವ ಹಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನೀಲವ್ವನ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು. ಆದರೂ ಅವಳು ಬರುವುದು ನನಗೆ ಬೇಕಿತ್ತು. ಆ ಪಟ್ಟಿಗಳ ನಡುವೆ ಮಗು ಅಳದ ಹಾಗೆ ಒರೆಸುವುದು ಅವಳಿಗೆ ಮಾತ್ರ ಬರುತ್ತಿತ್ತು. ಉಳಿದ ಹೊತ್ತು ಸುಮ್ಮನೆ ಕೂರು ಎಂದರೆ ಅವಳಿಗೆ ಆಗದು. ಎರಡು ದಿನ ಬಚ್ಚಲು ತಿಕ್ಕಿದಳು. ಮೂರನೇ ದಿನ ಬಂದು ಕೇಳಿದಳು:

‘ಅಕ್ಕಾರ, ಕೂಸಿನ ಆ ತಾಸಿನ್ಯಾಗ ನಂಗ ಅಕ್ಷರ ಕಲಸ್ತೀರೇನು?’

ಸಂತೋಷವಾಯಿತು. ಸ್ಲೇಟು ತಂದು ಅ ಆ ಬರೆದೆ. ಅವಳು ಸ್ಲೇಟು ನೋಡಿ ನಕ್ಕಳು. ‘ಇದನ್ನ ಕಲತು ಭಾಂಡುಪದಾಗ ಏನ್ ಓದ್ಲಿ? ಇಂಗ್ಲೀಷ್ ಕಲಸ್ರಿ. ಸ್ಟೇಷನ್ದಾಗ, ದವಾಖಾನ್ಯಾಗ, ಎಲ್ಲಾ ಕಡೆ ಅದ ಐತಿ. ಮಂದಿನ್ನ ಕೇಳಿ ಕೇಳಿ ಸಾಕಾಗೈತಿ. ಕೇಳಿದ್ ಕೂಡ್ಲೇ ಮಂದಿ ಮಾರಿ ನೋಡ್ತಾರಲ್ರಿ, ಅದು ಬ್ಯಾಡಾಗೈತಿ.’

ಹಾಗೆ ಜೂನ್ ತಿಂಗಳಲ್ಲಿ ಎ ಬಿ ಸಿ ಶುರುವಾಯಿತು. ಹೊರಗೆ ಮಳೆ, ಒಳಗೆ ಒಣಗದ ಲಂಗೋಟಿಗಳ ಸಾಲು, ಅದರ ಕೆಳಗೆ ನೆಲದ ಮೇಲೆ ನಾವಿಬ್ಬರು, ನಡುವೆ ಕಪ್ಪೆಯ ಹಾಗೆ ಕಾಲಗಲಿಸಿಕೊಂಡು ಸಿರಿ. ಮೊದಲ ಪಾಠ ಲಿಫ್ಟಿನ ಗುಂಡಿಗಳು. ಆಮೇಲೆ ಬಿಸ್ಕೆಟ್ ಪೊಟ್ಟಣ, ಪೌಡರ್ ಡಬ್ಬಿ, ಔಷಧಿ ಬಾಟಲಿ. ಅವಳ ಬುದ್ಧಿ ಚುರುಕು, ಎಷ್ಟು ಚುರುಕೆಂದರೆ ಪಾಠಕ್ಕೇ ಅಡ್ಡಿಯಾಗುತ್ತಿತ್ತು. ಡಬ್ಬಿಯ ಮೇಲೆ ಎಣ್ಣೆ ಸುರಿಯುವ ಚಿತ್ರವಿದ್ದರೆ ಅಕ್ಷರ ನೋಡದೆ ‘ಆಯಿಲ್’ ಎಂದುಬಿಡುತ್ತಿದ್ದಳು. ಹಸುವಿನ ಚಿತ್ರವಿದ್ದರೆ ‘ಮಿಲ್ಕ್’. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು. ನನಗೆ ರೇಗುತ್ತಿತ್ತು. ಚಿತ್ರದ ಮೇಲೆ ಅಂಗೈ ಮುಚ್ಚಿ, ‘ಅಂದಾಜು ಬೇಡ. ಏನು ಬರೆದಿದೆ ಅದನ್ನು ಹೇಳು. ಬರೆದದ್ದನ್ನು ನಂಬಬೇಕು ನೀಲವ್ವ, ಅದಕ್ಕೇ ಓದು ಅನ್ನುವುದು’ ಎಂದು ಹೇಳುತ್ತಿದ್ದೆ.

ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವಳು ವಿಧೇಯ ವಿದ್ಯಾರ್ಥಿ. ಜುಲೈ ಹೊತ್ತಿಗೆ ನಾನು ಅಂಗೈ ಇಡುವ ಮೊದಲೇ ತಾನೇ ಚಿತ್ರದ ಮೇಲೆ ಕೈ ಮುಚ್ಚಿಕೊಂಡು ಓದಲು ಕಲಿತಿದ್ದಳು. ನಾನು ಎಷ್ಟು ಬೀಗಿದೆನೆಂದರೆ ಪ್ರಸಾದರನ್ನು ಕರೆದು ತೋರಿಸಿದೆ.

ಜುಲೈ ನಡುವಿನಲ್ಲಿ ಒಂದು ದಿನ ಮುಂಬಯಿಗೆ ವರ್ಷಕ್ಕೊಮ್ಮೆ ಆಗುವುದು ಆಯಿತು. ಲೋಕಲ್ ರೈಲುಗಳು ನಿಂತವು, ಮಳೆನೀರಿನಲ್ಲಿ ರಸ್ತೆ ಕಾಣದಾಯಿತು. ಮಲ್ಲಪ್ಪ ಕೆಲಸದ ಜಾಗದಿಂದ ಸೊಂಟದ ಮಟ್ಟದ ನೀರಿನಲ್ಲಿ ಮೂರು ತಾಸು ನಡೆದು ಮನೆ ಮುಟ್ಟಿದ. ಸಿಮೆಂಟಿನಲ್ಲಿ ದುಡಿದು ಒಡೆದ ಕಾಲು ಅವನದು. ಎಂಟು ದಿನ ಏನೂ ಆಗಲಿಲ್ಲ. ಆಮೇಲೆ ಜ್ವರ ಬಂತು. ಚಾಳಿನ ಹತ್ತಿರದ ಡಾಕ್ಟರು ಮಾತ್ರೆ ಕೊಟ್ಟು, ಮೂರನೇ ದಿನ ರಕ್ತ ಪರೀಕ್ಷೆಗೆ ಬರೆದರು.

ನಾಲ್ಕನೇ ದಿನ ಬೆಳಿಗ್ಗೆ ನೀಲವ್ವ ಬಂದಾಗ ಕೈಯಲ್ಲಿ ಒಂದು ಬಟ್ಟೆಚೀಲವಿತ್ತು. ಒಳಗೆ ಚಾದರ, ಟವೆಲು, ನೀರಿನ ಬಾಟಲಿ. ಬಾಗಿಲಲ್ಲೇ ನಿಂತಳು.

‘ಅಕ್ಕಾರ, ಇವತ್ತು ಕೂಸಿನ್ನ ಒರಸಿ ಹೋಗಿಬಿಡ್ತೀನ್ರಿ. ನಮ್ಮ ಮನಿಯವರನ್ನ ದೊಡ್ಡ ದವಾಖಾನಿಗಿ ಒಯ್ಯಬೇಕು. ನಾಳಿ ಬರೂದೂ ಆಗೂದಿಲ್ಲ ಅನಸ್ತೈತಿ.’

‘ಯಾಕೆ, ಏನಾಯ್ತು?’

‘ಮೀನಖಂಡ ಬ್ಯಾರೆ ಆಗ್ಯಾವ್ರಿ. ದುಡದ ಬ್ಯಾನಿ ಅಲ್ಲ ಅದು. ಇಪ್ಪತ್ತೈದು ವರ್ಷ ಆ ಕಾಲು ತಿಕ್ಕೀನಿ, ದುಡದ ಬ್ಯಾನಿ ನಂಗ ಗೊತ್ತೈತಿ. ಇದು ಕೈ ಮುಟ್ಟಿದ್ರ ಸಾಕು, ಗಂಡಸು ಅಳ್ತೈತ್ರಿ. ಕಣ್ಣ ಕೆಂಪಗ ಆಗ್ಯಾವ, ನೀರ್ ಮಾತ್ರ ಸೋರವಲ್ದು. ಮುಂಜಾನಿಂದ ಒಂದಕ್ಕೂ ಸರಿ ಹೋಗಿಲ್ಲ.’

ಮುಟ್ಟಿದರೆ ನೋಯುವ ಮೀನಖಂಡ, ಕೆಂಪಾದರೂ ಸೋರದ ಕಣ್ಣು, ಕಡಿಮೆಯಾದ ಮೂತ್ರ. ಇವತ್ತು ನನ್ನ ಕ್ಲಾಸಿನಲ್ಲಿ ಯಾವ ಹುಡುಗಿ ಬೇಕಾದರೂ ಈ ಮೂರನ್ನು ಕೇಳಿ ಒಂದೇ ಹೆಸರು ಹೇಳುತ್ತಾಳೆ. ನಾನೇ ಕಲಿಸಿದ್ದೇನೆ. ಆದರೆ ಆ ಹೊತ್ತಿಗೆ ನನ್ನ ಕಿವಿಗೆ ಬಿದ್ದದ್ದು ‘ನಾಳಿ ಬರೂದೂ ಆಗೂದಿಲ್ಲ’ ಎಂಬುದೊಂದೇ. ಬೆಲ್ಟಿನ ಪಟ್ಟಿಗಳ ನಡುವೆ ಸಿರಿಗೆ ಕೆಂಪು ಗುಳ್ಳೆ ಎದ್ದಿದ್ದವು, ನಾನು ಒರೆಸಿದರೆ ಕಿರುಚುತ್ತಿದ್ದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅದು ಹಾಗೇ ಇತ್ತು.

‘ರಕ್ತದ ರಿಪೋರ್ಟ್ ಬಂತಾ?’ ಎಂದೆ.

ಬಂದಿತ್ತು. ಚೀಲದಿಂದ ಮಡಚಿದ ಕಾಗದ ತೆಗೆದು ನನ್ನ ಕೈಗೆ ಕೊಡಲು ಬಂದವಳು, ಅರ್ಧದಲ್ಲಿ ಕೈ ಹಿಂದೆ ತೆಗೆದುಕೊಂಡಳು. ‘ತಡೀರಿ’ ಎಂದು ನೆಲದ ಮೇಲೆ ಕೂತಳು. ಕಾಗದ ಬಿಚ್ಚಿ ಬೆರಳಿಟ್ಟಳು. ಮಲೇರಿಯಾ, ಡೆಂಗ್ಯೂ, ಲೆಪ್ಟೋ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ, ನಮ್ಮ ಕಡೆ ಇಲಿಜ್ವರ ಎನ್ನುವುದನ್ನೇ ಮುಂಬಯಿಯಲ್ಲಿ ಎಲ್ಲರೂ ಲೆಪ್ಟೋ ಎನ್ನುತ್ತಾರೆ. ಮೂರು ಸಾಲಿನ ಎದುರಿಗೂ ಒಂದೇ ಶಬ್ದ ಇತ್ತು. ‘ಎನ್, ಇ, ಜಿ, ಎ’ ಎಂದು ಬೆರಳು ಸರಿಸಿದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಇದಕ್ಕೆ ಚಿತ್ರವಿಲ್ಲ, ಅಂದಾಜಿಗೆ ದಾರಿಯಿಲ್ಲ, ಅವಳಿಗೆ ಈ ಶಬ್ದ ಹೊಸದು. ‘ನೆ... ಗೆ... ಟಿವ್. ನೆಗೆಟಿವ್.’ ತಲೆಯೆತ್ತಿದಳು. ‘ನೆಗೆಟಿವ್ ಅಂದ್ರ ಇಲ್ಲ ಅಂತಲ್ರಿ? ದವಾಖಾನ್ಯಾಗ ಅಂತಿರ್ತಾರ.’

ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿ ತಟ್ಟಿದೆ. ಸಿರಿ ಬೆಚ್ಚಿಬಿದ್ದು ಅತ್ತಳು, ಆಮೇಲೆ ನಾವಿಬ್ಬರೂ ನಗುತ್ತಿರುವುದನ್ನು ನೋಡಿ ಸುಮ್ಮನಾದಳು. ನೀಲವ್ವನ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಉಳಿದೆರಡು ಸಾಲನ್ನೂ ಓದಿದಳು. ನೆಗೆಟಿವ್, ನೆಗೆಟಿವ್.

‘ಇಲ್ಲ ಅಂತ ಐತಿ ಅಕ್ಕಾರ.’

‘ಇಲ್ಲ. ಮೂರೂ ಇಲ್ಲ. ವೈರಲ್ ಜ್ವರ ಇರಬೇಕು. ಇನ್ನು ಎರಡು ದಿನ ನೋಡು.’

ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡಗೈ ಹೆಬ್ಬೆರಳು ಬಲಗೈ ಅಂಗೈಯನ್ನು ತಿಕ್ಕುತ್ತಿತ್ತು.

‘ಮತ್ತ ಕಾಲ?’

‘ಅಷ್ಟು ದೂರ ನೀರಲ್ಲಿ ನಡೆದಿದ್ದಾನೆ, ನೋಯದೆ ಇರತ್ತಾ?’

‘ಎಂಟು ದಿನ ಬಿಟ್ಟು ನೋಯ್ತಾವೇನ್ರಿ?’

ಆ ಪ್ರಶ್ನೆ ಸರಿಯಾದದ್ದೇ. ಅಲ್ಲೇ ನಿಲ್ಲಬೇಕಿತ್ತು. ‘ಕಾಗದದಲ್ಲಿ ಇಲ್ಲ ಅಂತ ನೀನೇ ಓದಿದೆಯಲ್ಲ ನೀಲವ್ವ’ ಎಂದೆ.

ಅವಳು ಹೂಂ ಎಂದಳು. ಚೀಲವನ್ನು ಬಾಗಿಲ ಪಕ್ಕಕ್ಕೆ ಇಟ್ಟಳು. ಕೂಸನ್ನು ಒರೆಸಿದಳು. ಆಮೇಲೆ ಆ ರಿಪೋರ್ಟನ್ನೇ ಹಿಡಿದು ಅವತ್ತಿನ ಪಾಠವನ್ನೂ ಮಾಡಿದೆವು. ಅದರ ಮೇಲಿದ್ದ ತಾರೀಖು, ಗಂಡನ ಹೆಸರು, ವಯಸ್ಸು ಎಲ್ಲ ಓದಿದಳು. ತಾರೀಖನ್ನು ನಾನು ಕೂಡ ನೋಡಿದೆ. ಜ್ವರದ ಮೂರನೇ ದಿನ ತೆಗೆದ ರಕ್ತ.

ಈ ಮೂರನೇ ದಿನದ ವಿಷಯ ಸ್ವಲ್ಪ ಹೇಳಬೇಕು. ಲೆಪ್ಟೋ ಬಂದರೆ ಮೈ ಅದರ ವಿರುದ್ಧ ಕಟ್ಟಿಕೊಳ್ಳುವ ಕಾವಲನ್ನು ಆ ಪರೀಕ್ಷೆ ಹುಡುಕುತ್ತದೆ. ಕಾವಲು ಕಟ್ಟಲು ವಾರ ಬೇಕು. ಮೂರನೇ ದಿನದ ರಕ್ತದಲ್ಲಿ ಅದು ಕಾಣುವುದಿಲ್ಲ, ರೋಗವಿದ್ದರೂ ಕಾಗದ ಇಲ್ಲ ಎನ್ನುತ್ತದೆ. ಅದಕ್ಕೇ ಡಾಕ್ಟರು ಕಾಗದಕ್ಕೆ ಕಾಯದೆ ರೋಗಿಯ ಮೈ ನೋಡಿ ಔಷಧ ಶುರುಮಾಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ಅದರ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ನಾನೇ ಕೇಳಿದ್ದೆ: ಮೊದಲ ವಾರದ ನೆಗೆಟಿವ್ ಫಲಿತಾಂಶವನ್ನು ಏಕೆ ನಂಬಬಾರದು? ನಲವತ್ತು ಉತ್ತರ ಪತ್ರಿಕೆ ತಿದ್ದಿದ್ದೆ. ಸರಿಯಾಗಿ ಬರೆಯದವರಿಗೆ ಸೊನ್ನೆ ಹಾಕಿದ್ದೆ, ಅದೂ ಕೆಂಪು ಶಾಯಿಯಲ್ಲಿ ದೊಡ್ಡದಾಗಿ.

ಮರುದಿನ ನೀಲವ್ವ ಬಂದಳು. ಅದರ ಮರುದಿನ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಚಾಳಿನವರು ಯಾರೋ ಫೋನ್ ಮಾಡಿ, ಮಲ್ಲಪ್ಪನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ, ಮೂತ್ರ ನಿಂತುಹೋಗಿದೆ, ಕಣ್ಣು ಹಳದಿಯಾಗಿದೆ ಎಂದರು. ಫೋನ್ ಹಿಡಿದು ನಿಂತಲ್ಲೇ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಆ ಐದು ಅಂಕದ ಉತ್ತರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಲೆಯಲ್ಲಿ ಓಡಿತು.

ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋದೆ. ವಾರ್ಡಿನ ಹೊರಗೆ ನೀಲವ್ವ ಗೋಡೆಗೆ ಒರಗಿ ನಿಂತಿದ್ದಳು. ಅದೇ ಬಟ್ಟೆಚೀಲ ಕೈಯಲ್ಲಿತ್ತು. ಇಪ್ಪತ್ತೈದು ದಾಟದ ಡಾಕ್ಟರ್ ಹುಡುಗ ನಿದ್ದೆಯಿಲ್ಲದ ಕಣ್ಣಿನಲ್ಲಿ ಬಂದು ಅವಳನ್ನು ಹಿಂದಿಯಲ್ಲಿ ಕೇಳಿದ:

‘ಪೆಹಲೇ ಪೈರ್ ಮೇ ದರ್ದ್ ಥಾ ಕ್ಯಾ?’

‘ಥಾ ಸಾಬ್’ ಎಂದಳು. ‘ಲೇಕಿನ್ ಕಾಗಜ್ ಮೇ ನಹೀ ಥಾ.’

ಕಾಲು ನೋವಿತ್ತು, ಆದರೆ ಕಾಗದದಲ್ಲಿ ಇರಲಿಲ್ಲ. ಅವನು ಕಾಗದ ತೆಗೆದುಕೊಂಡು ತಾರೀಖು ನೋಡಿದ. ನಾನು ನೋಡಿದ್ದ ತಾರೀಖೇ. ಅವನಿಗೆ ಎರಡು ಸೆಕೆಂಡು ಸಾಕಾಯಿತು. ‘ಅರೇ, ಯೇ ತೋ ತೀಸರೇ ದಿನ್ ಕಾ ಹೈ’, ಇದು ಮೂರನೇ ದಿನದ್ದು ಎಂದು ಬೇಸರದಿಂದ ತಲೆ ಕೊಡವಿದ. ‘ರುಕನೇ ಕೋ ಕಿಸನೇ ಬೋಲಾ?’

ಕಾಯಲು ಹೇಳಿದ್ದು ಯಾರು. ನಾನು ಅವಳಿಂದ ಎರಡಡಿ ದೂರದಲ್ಲಿ ನಿಂತಿದ್ದೆ. ನನ್ನ ಬಾಯಿ ತೆರೆದಿತ್ತು ಎಂದು ನೆನಪು. ನೀಲವ್ವ ನನ್ನ ಕಡೆ ನೋಡಲೂ ಇಲ್ಲ.

‘ಕೋಯೀ ನಹೀ ಬೋಲಾ’ ಎಂದಳು. ‘ಮೈಚ್ ಪಢೀ.’

ಯಾರೂ ಹೇಳಲಿಲ್ಲ. ನಾನೇ ಓದಿದೆ.

ಆ ಹುಡುಗ ಅವಳನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದ. ಎರಡು ತಿಂಗಳ ಹಿಂದೆ ನಾನು ಇನ್ನೊಬ್ಬ ಡಾಕ್ಟರ ಎದುರು ‘ನಾನೇ’ ಎಂದಿದ್ದೆ. ಈಗ ಅವಳು ಅದೇ ಮಾತು ಹೇಳಿದಳು. ನಾನು ಆಗಲಾದರೂ ಬಾಯಿಬಿಟ್ಟು, ಇಲ್ಲ, ನಾನು ಹೇಳಿದ್ದು ಎನ್ನಬಹುದಿತ್ತು. ಅದರಿಂದ ಮಲ್ಲಪ್ಪ ಉಳಿಯುತ್ತಿರಲಿಲ್ಲ ಎಂಬ ನೆಪ ತಕ್ಷಣ ಸಿಕ್ಕಿತು. ಅಂಥ ನೆಪ ಹುಡುಕುವುದರಲ್ಲಿ ನನಗೆ ಒಳ್ಳೆಯ ತರಬೇತಿಯಾಗಿದೆ.

ಎರಡು ದಿನದ ಮೇಲೆ ಮಲ್ಲಪ್ಪ ತೀರಿಕೊಂಡ. ನೀಲವ್ವ ಊರಿಗೆ ಹೋದಳು ಎಂದು ಕಿರಾಣಿಯವನು ಹೇಳಿದ. ಆಗಸ್ಟಿನಲ್ಲಿ ಸಿರಿಯ ಬೆಲ್ಟ್ ಬಿಚ್ಚಿದರು, ಕೀಲು ಕೂತಿತ್ತು. ವರ್ಷ ತುಂಬುವುದರೊಳಗೆ ನಡೆದಳು, ಆಮೇಲೆ ಓಡಿದಳು. ಅವಳು ಓಡುವುದನ್ನು ನೋಡಿ ಯಾವ ತಾಯಿಯೂ ನನ್ನಷ್ಟು ಹೆದರಿರಲಾರಳು. ನೀಲವ್ವ ಮರಳಿ ಬಂದಿದ್ದಾಳೆಂದು ಆಮೇಲೆ ತಿಳಿಯಿತು. ಎರಡು ಮಳೆಗಾಲ ಗುಡ್ಡದ ಬುಡದವರೆಗೆ ಹೋದೆ. ಮೇಲೆ ಹತ್ತುವ ಮೆಟ್ಟಿಲು ಎಣಿಸುತ್ತಾ ನಿಂತು ವಾಪಸು ಬಂದೆ. ಆ ಐದು ಅಂಕದ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಪಾಠವನ್ನು ಬಿಡುವ ಹಾಗಿಲ್ಲ, ಅದನ್ನು ಮಾಡುವಾಗ ಬೋರ್ಡಿನ ಕಡೆ ತಿರುಗಿ ಮಾಡುತ್ತೇನೆ.

ಇಷ್ಟು ವರ್ಷ ಅವಳು ನನ್ನನ್ನು ಶಪಿಸುತ್ತಿರಬಹುದು ಎಂದುಕೊಂಡಿದ್ದೆ. ಹಾಗೆಂದುಕೊಳ್ಳುವುದರಲ್ಲಿ ಒಂದು ಥರದ ನೆಮ್ಮದಿಯೂ ಇತ್ತು.

ಹೋದ ಗುರುವಾರ ಸಿರಿಯನ್ನು ಶಾಲೆಯಿಂದ ಕರೆದುಕೊಂಡು ಬಂದೆ. ಮಳೆಯೆಂದು ಬೇಗ ಬಿಟ್ಟಿದ್ದರು. ಲಿಫ್ಟಿನ ಮುಂದೆ ಯಾರೋ ಹೆಂಗಸು ನಿಂತಿದ್ದಳು, ನಾನು ಛತ್ರಿ ಮಡಚುತ್ತಿದ್ದೆ. ಸಿರಿ ನನಗೆ ಕಾಯದೆ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದಳು. ಆ ಹೆಂಗಸು ಓಡುವ ಕಾಲನ್ನೇ ನೋಡುತ್ತಾ ತಿರುಗಿದಳು.

‘ಎಡಗಾಲ ಚಲೋ ಕುಂತೈತಿ’ ಎಂದಳು. ಆಮೇಲೆ ನನ್ನ ಮುಖ ನೋಡಿದಳು. ‘ಅಕ್ಕಾರ, ಆರಾಮ ಅದೀರಿಲ್ರಿ?’

ಕೂದಲು ಪೂರ್ತಿ ಬೆಳ್ಳಗಾಗಿತ್ತು. ‘ನೀಲವ್ವ, ನೀವು...’ ಎಂದೆ. ನೀವು ಎಂಬುದು ಎಂಟು ವರ್ಷ ತಡವಾಗಿ ಬಂತು. ಅವಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಲಿಫ್ಟ್ ಕೆಳಗೇ ಇತ್ತು, ಬಾಗಿಲು ತೆರೆದೇ ಇತ್ತು. ಯಾಕೆ ಹೋಗಲಿಲ್ಲ ಎಂದು ಕೇಳಿದೆ.

‘ಯಾರರ ಬರ್ಲಿ, ಒತ್ತಲಿ ಅಂತ ನಿಂತೀನ್ರಿ’ ಎಂದಳು. ‘ಅವತ್ತಿಂದ ನಾ ಹೊರಗ ಅಕ್ಷರ, ಅಂಕಿ ಯಾವುದನ್ನೂ ನಂಬಿ ಕೈ ಹಚ್ಚಿಲ್ಲ.’

ಅವಳು ಸೆರಗಿನಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡಳು.

‘ಅಕ್ಕಾರ, ಒಂದು ಮಾತು ಕೇಳ್ಬೇಕು ಅಂತ ಭಾಳ ದಿನದಿಂದ ಐತಿ. ಅವತ್ತು ನಾ ಎಲ್ಲಿ ತಪ್ಪು ಓದಿದ್ನಿ? ನೀವು ಕೂಸಿನ ಅಳೂದ್ರಾಗ ಸರಿ ಕೇಳಿಸಿಕೊಂಡಿಲ್ಲ ಅನಸ್ತೈತಿ. ಒಂದು ಅಕ್ಷರ ನಾ ಬಿಟ್ಟಿರ್ಬೇಕು. ಯಾವ ಅಕ್ಷರ ಬಿಟ್ನಿ ಅಂತ ಎಂಟು ವರ್ಷ ಆತು ಅದೊಂದ ಶಬ್ದ ಬರ್ಕೋತ ಕುಂತೀನಿ ನೆಲದ ಮ್ಯಾಲ, ಬೆರಳಿಲೆ. ತಿಳಿವಲ್ದು.’

ಅವಳು ನನ್ನನ್ನು ಶಪಿಸಿರಲಿಲ್ಲ. ತನ್ನ ಓದಿನ ಮೇಲೆ ಗಂಡನ ಸಾವನ್ನು ಹೊರಿಸಿಕೊಂಡು ಎಂಟು ವರ್ಷ ಬದುಕಿದ್ದಳು.

‘ನೀವು ಯಾವ ಅಕ್ಷರಾನೂ ಬಿಡಲಿಲ್ಲ ನೀಲವ್ವ’ ಎಂದೆ. ‘ಸರಿಯಾಗೇ ಓದಿದ್ರಿ. ಆದರೆ ಜ್ವರದ ಮೂರನೇ ದಿನದ ರಕ್ತದಲ್ಲಿ ಆ ರೋಗ ಇದ್ದರೂ ಕಾಣೋದಿಲ್ಲ. ಕಾಗದ ನೆಗೆಟಿವ್ ಅಂದರೂ ಕಾಲು ನೋಡಿ ಆವತ್ತೇ ಕರಕೊಂಡು ಹೋಗಬೇಕಿತ್ತು.’

‘ನಿಮಗ ಗೊತ್ತಿತ್ತೇನ್ರಿ?’

‘ಗೊತ್ತಿತ್ತು. ಅದನ್ನೇ ಪಾಠ ಮಾಡ್ತೀನಿ. ಆವತ್ತು ಯೋಚನೆ ಮಾಡಲಿಲ್ಲ. ನೀವು ಓದಿದ್ದು ನೋಡಿ ಖುಷಿಯಾಗಿತ್ತು. ಮಾರನೇ ದಿನ ನೀವು ಬರೋಲ್ಲ ಅಂದಿದ್ದೂ ಮನಸ್ಸಲ್ಲಿತ್ತು.’

ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮೇಲಿನಿಂದ ಸಿರಿ ‘ಮಮ್ಮಾ, ಚಾವಿ’ ಎಂದು ಕೂಗಿದಳು. ನೀಲವ್ವ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಎಣ್ಣೆ ಹಿಡಿದು ಕಪ್ಪಾದ, ಉಗುರು ಗಿಡ್ಡಗೆ ಕತ್ತರಿಸಿದ ಕೈಗಳು.

‘ಹಂಗಾರ ನಾ ಓದಿದ್ದು ಖರೇ ಇತ್ತು’ ಎಂದಳು. ಬೆರಳು ಮಡಚಿ, ‘ಕೈಗೆ ತಿಳಿದದ್ದೂ ಖರೇ ಇತ್ತು.’

ಹಾಗಾದರೆ ತಪ್ಪಿದ್ದು ಯಾವುದು ಎಂದು ಅವಳು ಕೇಳಲಿಲ್ಲ. ನನ್ನ ಕಡೆ ಮತ್ತೊಮ್ಮೆ ನೋಡಲೂ ಇಲ್ಲ. ಲಿಫ್ಟಿನೊಳಗೆ ಹೋಗಿ ಗುಂಡಿಗಳ ಸಾಲಿನ ಮುಂದೆ ನಿಂತಳು, ಬೆರಳು ಕೆಳಗಿನಿಂದ ಒಂದೊಂದಾಗಿ ಎಣಿಸುತ್ತಾ ಮೇಲೆ ಹೋಯಿತು, ಏಳನ್ನು ಒತ್ತಿತು. ಬಾಗಿಲು ಮುಚ್ಚಿಕೊಂಡಿತು. ನಾನು ಮೆಟ್ಟಿಲು ಹತ್ತಿದೆ.